ಯುದ್ಧ ವಿಮಾನದ ಪೈಲಟ್ ಆಗುವ ಆಸೆಯೇ? ಮೊದಲು ಕಣ್ಣು ಪರೀಕ್ಷಿಸಿ

ಎರಡು ವರ್ಷಕ್ಕೊಮ್ಮೆ ಯಲಹಂಕದಲ್ಲಿ ವೈಮಾನಿಕ ಪ್ರದರ್ಶನ ನಡೆಯುತ್ತದೆ. 1996ರಿಂದ ನಡೆದು ಬಂದಿರುವ ಈ ಪ್ರದರ್ಶನವನ್ನು ನೋಡಿ ಬಂದ ಮಕ್ಕಳಲ್ಲಿ ಹಲವರು ಮನೆಗೆ ಬಂದವರೇ ‘ನಾನೂ ಪೈಲಟ್ ಆಗ್ತೀನಿ’ ಎನ್ನುತ್ತಾರೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಮನೆಗಳಲ್ಲೂ ಈ ಮಾತು ಹೊಸದೇನಲ್ಲ. ಕೆಲವು ತಂದೆತಾಯಂದಿರು ನಕ್ಕು ಸುಮ್ಮನಾಗುತ್ತಾರೆ. ಮತ್ತೆ ಕೆಲವರು ಸಾಲ ಮಾಡಿಯಾದರೂ ಮಗನನ್ನೋ ಮಗಳನ್ನೋ ದೂರದ ತರಬೇತಿ ಕೇಂದ್ರಕ್ಕೆ ಸೇರಿಸುತ್ತಾರೆ. ಈ ಎರಡೂ ಕೆಲಸಕ್ಕೆ ಮೊದಲು ಮಾಡಬೇಕಾದ ಒಂದು ಸಣ್ಣ ಕೆಲಸವಿದೆ. ಅದಕ್ಕೆ ಹೆಚ್ಚು ಹಣ ಬೇಕಿಲ್ಲ, ಅರ್ಧ ದಿನ ಬಿಡುವು ಮಾಡಿಕೊಂಡರೆ ಸಾಕು.

ವಾಯುಪಡೆಯ ಪೈಲಟ್ ಆಯ್ಕೆಯಲ್ಲಿ ಮೊದಲು ಲಿಖಿತ ಪರೀಕ್ಷೆ, ನಂತರ ಸಂದರ್ಶನ, ಕಟ್ಟಕಡೆಗೆ ವೈದ್ಯಕೀಯ ತಪಾಸಣೆ. ಎರಡು ಮೂರು ವರ್ಷ ಓದಿ, ಲಿಖಿತ ಪರೀಕ್ಷೆ ಗೆದ್ದು, ಐದು ದಿನಗಳ ಸಂದರ್ಶನವನ್ನೂ ದಾಟಿದ ಹುಡುಗನಿಗೆ ಕೊನೆಯಲ್ಲಿ ‘ನಿನಗೆ ಬಣ್ಣಗಳ ಗುರುತು ಸರಿಯಾಗಿ ಸಿಗುತ್ತಿಲ್ಲ’ ಎಂದು ವೈದ್ಯರು ಹೇಳಿದರೆ ಹೇಗಿರುತ್ತದೆ, ಯೋಚಿಸಿ. ಆ ಕೊರತೆ ಅವನಿಗೆ ಹುಟ್ಟಿನಿಂದಲೇ ಇತ್ತು. ಎಂಟನೆಯ ತರಗತಿಯಲ್ಲೇ ಐದು ನಿಮಿಷದಲ್ಲಿ ತಿಳಿಯಬಹುದಾಗಿತ್ತು. ಆಯ್ಕೆಯವರು ಕೊನೆಗೆ ನೋಡುವುದನ್ನು ನೀವು ಮನೆಯಿಂದಲೇ ಮೊದಲು ನೋಡಿಕೊಳ್ಳಿ ಎಂಬುದೇ ಈ ವಾರದ ಲೇಖನದ ಸಲಹೆ.

ಓದು ಎಷ್ಟು ಬೇಕು?

ಪೈಲಟ್ ಆಗಲು ಮುಖ್ಯವಾಗಿ ಎರಡು ದಾರಿಗಳಿವೆ. ಮೊದಲನೆಯದು ಪಿಯುಸಿ ನಂತರದ ದಾರಿ. ಕೇಂದ್ರ ಲೋಕಸೇವಾ ಆಯೋಗವು ವರ್ಷಕ್ಕೆ ಎರಡು ಸಲ ನಡೆಸುವ ಎನ್‌ಡಿಎ ಪರೀಕ್ಷೆ ಬರೆದು, ಪುಣೆಯ ಬಳಿಯ ಖಡಕ್‌ವಾಸ್ಲಾದಲ್ಲಿರುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ಸೇರುವುದು. ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ ವರ್ಷದೊಳಗೆ ಇರಬೇಕು, ಮದುವೆಯಾಗಿರಬಾರದು. ವಾಯುಪಡೆಗೆ ಸೇರಬೇಕಾದರೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಗಣಿತ ಓದಿರಬೇಕು. ದ್ವಿತೀಯ ಪಿಯುಸಿಯಲ್ಲಿ ಓದುತ್ತಿರುವಾಗಲೇ ಪರೀಕ್ಷೆ ಬರೆಯಬಹುದು. ಗಣಿತಕ್ಕೆ 300, ಸಾಮಾನ್ಯ ಸಾಮರ್ಥ್ಯಕ್ಕೆ 600 ಅಂಕ. ಸಂದರ್ಶನಕ್ಕೆ ಮತ್ತೆ 900 ಅಂಕ.

ಎರಡನೆಯದು ಪದವಿಯ ನಂತರದ ದಾರಿ. ವಾಯುಪಡೆ ತಾನೇ ನಡೆಸುವ ಆಫ್‌ಕ್ಯಾಟ್ ಎಂಬ ಪರೀಕ್ಷೆಯನ್ನು 20ರಿಂದ 24 ವರ್ಷದ ಪದವೀಧರರು ಬರೆಯಬಹುದು. ಯಾವ ಪದವಿಯಾದರೂ ಆಗಬಹುದು, ಆದರೆ ಶೇಕಡಾ 60 ಅಂಕ ಇರಬೇಕು. ಜೊತೆಗೆ ಪಿಯುಸಿಯಲ್ಲಿ ಗಣಿತ ಮತ್ತು ಭೌತಶಾಸ್ತ್ರ ಎರಡರಲ್ಲೂ ಶೇಕಡಾ 50 ಬಂದಿರಬೇಕು. ಎನ್‌ಸಿಸಿಯ ವಾಯು ವಿಭಾಗದಲ್ಲಿ ‘ಸಿ’ ಪ್ರಮಾಣಪತ್ರ ಪಡೆದವರಿಗೆ ಪ್ರತ್ಯೇಕ ಪ್ರವೇಶವೂ ಉಂಟು.

ಈ ಎರಡು ದಾರಿಗಳನ್ನೂ ಗಮನಿಸಿದರೆ ಒಂದು ವಿಷಯ ಸ್ಪಷ್ಟ. ಎಸ್ಸೆಸ್ಸೆಲ್ಸಿ ಮುಗಿದ ಜೂನ್ ತಿಂಗಳಲ್ಲಿ ಕಾಲೇಜಿನ ಅರ್ಜಿಯಲ್ಲಿ ಯಾವ ವಿಷಯಗಳಿಗೆ ಗುರುತು ಹಾಕುತ್ತೀರಿ ಎಂಬುದರಲ್ಲೇ ಅರ್ಧ ತೀರ್ಮಾನ ಆಗಿಹೋಗುತ್ತದೆ. ಕಲಾ ಅಥವಾ ವಾಣಿಜ್ಯ ವಿಭಾಗ ಹಿಡಿದವರು ಮುಂದೆ ಎಷ್ಟೇ ಚೆನ್ನಾಗಿ ಓದಿದರೂ ಪೈಲಟ್ ಹುದ್ದೆಯ ಬಾಗಿಲು ತೆರೆಯುವುದು ಕಷ್ಟ. ಆದ್ದರಿಂದ ಕಣ್ಣಿನ ಪರೀಕ್ಷೆ ಮಾಡಿಸುವುದಿದ್ದರೆ ಈ ಅರ್ಜಿ ತುಂಬುವ ಮೊದಲೇ ಮಾಡಿಸಿ.

ಹೆಣ್ಣುಮಕ್ಕಳಿಗೂ ಈಗ ಈ ಎರಡೂ ದಾರಿಗಳು ತೆರೆದಿವೆ. 2016ರಲ್ಲಿ ಮೂವರು ಯುವತಿಯರು ಯುದ್ಧ ವಿಮಾನ ವಿಭಾಗಕ್ಕೆ ಮೊದಲ ಬಾರಿಗೆ ಸೇರಿದರು. 2022ರಲ್ಲಿ ರಕ್ಷಣಾ ಅಕಾಡೆಮಿ ಹುಡುಗಿಯರನ್ನು ಸೇರಿಸಿಕೊಳ್ಳತೊಡಗಿತು. ಆ ಮೊದಲ ತಂಡದ 17 ಮಂದಿ 2025ರ ಮೇ ತಿಂಗಳಲ್ಲಿ ತರಬೇತಿ ಮುಗಿಸಿ ಹೊರಬಂದರು.

ಒಂದು ಬಾಗಿಲು ಮೈಸೂರಿನಲ್ಲಿ, ಇನ್ನೊಂದು ಬೆಂಗಳೂರಿನಲ್ಲಿ

ನಮ್ಮ ಈ ನಾಲ್ಕು ಊರುಗಳಿಗೆ ಒಂದು ಅನುಕೂಲವಿದೆ. ವಾಯುಪಡೆಯ ಆಯ್ಕೆ ಮಂಡಳಿಗಳಲ್ಲಿ ಒಂದು ಮೈಸೂರಿನಲ್ಲೇ ಇದೆ. ಪೈಲಟ್‌ಗಳ ವೈದ್ಯಕೀಯ ತಪಾಸಣೆ ನಡೆಯುವ ಕೇಂದ್ರಗಳಲ್ಲಿ ಒಂದಾದ ವೈಮಾನಿಕ ಅಂತರಿಕ್ಷ ವೈದ್ಯಕೀಯ ಸಂಸ್ಥೆ ಬೆಂಗಳೂರಿನ ವಿಮಾನಪುರದಲ್ಲಿದೆ. ಇನ್ನೊಂದು ಕೇಂದ್ರ ಇರುವುದು ದೆಹಲಿಯಲ್ಲಿ. ಅಂದರೆ ದೇಶದ ಬೇರೆ ಮೂಲೆಗಳಿಂದ ಹುಡುಗರು ಎರಡು ದಿನ ರೈಲಿನಲ್ಲಿ ಕುಳಿತು ಬರುವ ಜಾಗಗಳು ನಮಗೆ ಬೆಳಗ್ಗೆ ಹೋಗಿ ಸಂಜೆ ಬರುವಷ್ಟು ಹತ್ತಿರ.

ಮೈಸೂರಿನಲ್ಲಿ ಐದು ದಿನಗಳ ಪರೀಕ್ಷೆ ನಡೆಯುತ್ತದೆ. ಚಿತ್ರ ನೋಡಿ ಕಥೆ ಬರೆಯುವುದು, ಗುಂಪಿನಲ್ಲಿ ಚರ್ಚಿಸುವುದು, ಹಗ್ಗ ಹಲಗೆಗಳ ಸಹಾಯದಿಂದ ಅಡ್ಡಿಗಳನ್ನು ದಾಟುವುದು, ಸಂದರ್ಶನ ಎಲ್ಲವೂ ಇರುತ್ತವೆ. ಪೈಲಟ್ ಆಗಬಯಸುವವರಿಗೆ ಇವುಗಳ ಜೊತೆಗೆ ಕಂಪ್ಯೂಟರಿನ ಮುಂದೆ ಕೂರಿಸಿ ಕಣ್ಣು, ಕೈ, ಕಾಲುಗಳ ಹೊಂದಾಣಿಕೆಯನ್ನು ಅಳೆಯುವ ಇನ್ನೊಂದು ಪರೀಕ್ಷೆ ಉಂಟು. ಉಳಿದ ಸಂದರ್ಶನಕ್ಕೆ ಮತ್ತೆ ಬರಬಹುದು, ಆದರೆ ಈ ಪರೀಕ್ಷೆಗೆ ಜೀವನದಲ್ಲಿ ಒಂದೇ ಅವಕಾಶ. ಆದ್ದರಿಂದ ‘ಹೇಗಿರುತ್ತೆ ನೋಡಿಬರೋಣ’ ಎಂದು ನಿದ್ದೆಗೆಟ್ಟು, ಜ್ವರ ನೆಗಡಿ ಹೊತ್ತುಕೊಂಡು ಹೋಗಬಾರದು. ಹಿಂದಿನ ಒಂದು ವಾರ ರಾತ್ರಿ ಎಂಟು ಗಂಟೆಯಷ್ಟು ನಿದ್ದೆ ಮಾಡಿ ಹೋಗುವುದೇ ಒಳ್ಳೆಯ ತಯಾರಿ.

ವಿಮಾನಪುರದ ಸಂಸ್ಥೆ 1957ರಲ್ಲಿ ಆರಂಭವಾಯಿತು. 1984ರಲ್ಲಿ ಬಾಹ್ಯಾಕಾಶಕ್ಕೆ ಹೋದ ರಾಕೇಶ್ ಶರ್ಮಾ ಅವರ ದೇಹ ಪರೀಕ್ಷೆ ಇಲ್ಲಿ ನಡೆದಿತ್ತು. ಗಗನಯಾನಕ್ಕೆ ಆಯ್ಕೆಯಾದ ನಾಲ್ವರು ಪೈಲಟ್‌ಗಳನ್ನು 2019ರಲ್ಲಿ ಪರೀಕ್ಷಿಸಿದ್ದೂ ಇಲ್ಲಿಯೇ. ಅವರಲ್ಲಿ ಒಬ್ಬರಾದ ಶುಭಾಂಶು ಶುಕ್ಲಾ 2025ರ ಜೂನ್ ತಿಂಗಳಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದರು.

ಇಷ್ಟೊಂದು ಬಿಗಿ ಏಕೆ?

‘ಕನ್ನಡಕ ಹಾಕಿಕೊಂಡು ಬಸ್ ಓಡಿಸುತ್ತಾರೆ, ವಿಮಾನ ಯಾಕೆ ಓಡಿಸಬಾರದು?’ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಗಂಟೆಗೆ 900 ಕಿ.ಮೀ. ವೇಗದಲ್ಲಿ ಹೋಗುವ ವಿಮಾನ ಒಂದು ಸೆಕೆಂಡಿನಲ್ಲಿ 250 ಮೀಟರ್ ಸಾಗುತ್ತದೆ. ಅಂಥ ಎರಡು ವಿಮಾನಗಳು ಎದುರುಬದುರಾಗಿ ಬಂದರೆ ಅವುಗಳ ನಡುವಿನ ಅಂತರ ಸೆಕೆಂಡಿಗೆ ಅರ್ಧ ಕಿಲೋಮೀಟರಿನಂತೆ ಕರಗುತ್ತದೆ. ದೂರದ ಚುಕ್ಕೆಯೊಂದನ್ನು ವಿಮಾನವೆಂದು ಗುರುತಿಸಲು ತಡವಾದರೆ ಯೋಚಿಸಲು ಸಮಯವೇ ಉಳಿಯುವುದಿಲ್ಲ.

ಇನ್ನೊಂದು ಕಾರಣ ದೇಹದ ಮೇಲೆ ಬೀಳುವ ಭಾರ. ಬಸ್ಸು ತಿರುವಿನಲ್ಲಿ ವೇಗವಾಗಿ ತಿರುಗಿದಾಗ ನೀವು ಪಕ್ಕಕ್ಕೆ ಒತ್ತಿಹೋಗುವಿರಲ್ಲವೆ? ಯುದ್ಧ ವಿಮಾನ ತಿರುಗುವಾಗ ಆ ಒತ್ತಡ ಬಹಳ ಪಟ್ಟು ಹೆಚ್ಚು. ಒಂಬತ್ತು ಪಟ್ಟು ಒತ್ತಡ ಬಿದ್ದರೆ 60 ಕೆ.ಜಿ. ತೂಕದ ಹುಡುಗನ ದೇಹ 540 ಕೆ.ಜಿ.ಯಷ್ಟು ಭಾರವಾದಂತೆ ಆಗುತ್ತದೆ. ರಕ್ತ ಕಾಲಿನ ಕಡೆಗೆ ಇಳಿಯುತ್ತದೆ, ಹೃದಯಕ್ಕೆ ಅದನ್ನು ಮಿದುಳಿಗೆ ತಲುಪಿಸುವುದು ಕಷ್ಟವಾಗುತ್ತದೆ. ಮೊದಲು ಕಣ್ಣು ಮಂಜಾಗುತ್ತದೆ, ನಂತರ ಕತ್ತಲೆ ಕವಿಯುತ್ತದೆ, ಕೊನೆಗೆ ಪ್ರಜ್ಞೆ ತಪ್ಪಬಹುದು. ಕಾಲು ಮತ್ತು ಹೊಟ್ಟೆಯ ಸ್ನಾಯುಗಳನ್ನು ಬಿಗಿಹಿಡಿದು, ವಿಶೇಷ ರೀತಿಯಲ್ಲಿ ಉಸಿರಾಡಿ ಇದನ್ನು ತಡೆಯುವುದನ್ನು ಪೈಲಟ್‌ಗಳಿಗೆ ಕಲಿಸುತ್ತಾರೆ. ದೇಹವನ್ನು ಗರಗರ ತಿರುಗಿಸಿ ಈ ಅಭ್ಯಾಸ ಕೊಡುವ ಯಂತ್ರ ವಿಮಾನಪುರದ ಸಂಸ್ಥೆಯಲ್ಲಿದೆ. ಹೃದಯ ಮತ್ತು ಬೆನ್ನುಮೂಳೆಯನ್ನು ಅಷ್ಟೊಂದು ಜಾಗರೂಕತೆಯಿಂದ ಪರೀಕ್ಷಿಸುವುದು ಇದೇ ಕಾರಣಕ್ಕೆ.

ಮೂರನೆಯದು ಗಾಳಿ. ಮಾಗಡಿಯ ಬಳಿಯ ಸಾವನದುರ್ಗದ ನೆತ್ತಿ ಸಮುದ್ರಮಟ್ಟದಿಂದ ಸುಮಾರು 1,220 ಮೀಟರ್ ಎತ್ತರ. ಅಲ್ಲಿ ಉಸಿರಾಟಕ್ಕೆ ತೊಂದರೆಯಿಲ್ಲ. ಆದರೆ ಸುಮಾರು 5,500 ಮೀಟರ್ ಮೇಲೇರಿದರೆ ಗಾಳಿಯ ಒತ್ತಡ ಅರ್ಧಕ್ಕೆ ಇಳಿಯುತ್ತದೆ. ಆಮ್ಲಜನಕ ಕಡಿಮೆಯಾದಾಗ ಮನುಷ್ಯನಿಗೆ ನೋವಾಗುವುದಿಲ್ಲ. ಬದಲಿಗೆ ತಾನು ಬಹಳ ಚೆನ್ನಾಗಿದ್ದೇನೆ ಎಂಬ ಭ್ರಮೆ ಬರುತ್ತದೆ, ತೀರ್ಮಾನಗಳು ತಪ್ಪುತ್ತವೆ. ಉಬ್ಬಸ, ರಕ್ತಹೀನತೆ ಇದ್ದವರಿಗೆ ಈ ಅಪಾಯ ಇನ್ನೂ ಬೇಗ ಬರುತ್ತದೆ.

ಕಣ್ಣು

ವಾಯುಪಡೆಯ ನಿಯಮದಂತೆ ಪೈಲಟ್ ಆಗುವವರಿಗೆ ಒಂದು ಕಣ್ಣಿನಲ್ಲಿ 6/6, ಇನ್ನೊಂದರಲ್ಲಿ 6/9 ದೃಷ್ಟಿ ಕನ್ನಡಕವಿಲ್ಲದೆಯೇ ಇರಬೇಕು. ಆ 6/9 ಕೂಡ ದೂರದೃಷ್ಟಿಯ ದೋಷದಿಂದ ಆಗಿದ್ದು, ಕನ್ನಡಕದಿಂದ 6/6ಕ್ಕೆ ಬರುವಂತಿರಬೇಕು. ದೂರದ್ದು ಮಂಜಾಗಿ ಕಾಣುವ ಸಮೀಪದೃಷ್ಟಿ ಇದ್ದವರನ್ನು ತೆಗೆದುಕೊಳ್ಳುವುದಿಲ್ಲ.

ಸಮೀಪದೃಷ್ಟಿ ಸಾಮಾನ್ಯವಾಗಿ ಶಾಲೆಗೆ ಹೋಗುವ ವಯಸ್ಸಿನಲ್ಲಿ ಆರಂಭವಾಗಿ, ಮಗು ಬೆಳೆದಂತೆ ಹೆಚ್ಚುತ್ತದೆ. ಮಗು ಕಪ್ಪುಹಲಗೆ ಬಿಟ್ಟು ಪಕ್ಕದವರ ಪುಸ್ತಕ ನೋಡಿ ಬರೆದುಕೊಳ್ಳುತ್ತಿದ್ದರೆ, ಟಿ.ವಿ.ಗೆ ತೀರ ಹತ್ತಿರ ಕೂರುತ್ತಿದ್ದರೆ, ದೂರದ ಬಸ್ಸಿನ ಬೋರ್ಡು ಓದಲು ಕಣ್ಣು ಕಿರಿದು ಮಾಡುತ್ತಿದ್ದರೆ ಕೂಡಲೆ ಪರೀಕ್ಷೆ ಮಾಡಿಸಿ. ಒಂದೊಂದೇ ಕಣ್ಣು ಮುಚ್ಚಿಸಿ ಓದಿಸಿ ನೋಡುವುದನ್ನು ಮರೆಯಬೇಡಿ. ಒಂದು ಕಣ್ಣು ಚೆನ್ನಾಗಿದ್ದರೆ ಇನ್ನೊಂದರ ದೋಷ ಮಗುವಿಗೇ ತಿಳಿದಿರುವುದಿಲ್ಲ.

ಕ್ಯಾರೆಟ್ ತಿಂದರೆ, ಕಣ್ಣಿನ ವ್ಯಾಯಾಮ ಮಾಡಿದರೆ ಕನ್ನಡಕ ಬಿಡಬಹುದು ಎಂಬ ಮಾತನ್ನು ನಂಬಬೇಡಿ. ಕಣ್ಣುಗುಡ್ಡೆಯ ಉದ್ದ ಹೆಚ್ಚಾಗಿ ಬಂದ ದೋಷ ಅದರಿಂದ ಹೋಗುವುದಿಲ್ಲ. ಆದರೆ ದಿನಕ್ಕೆ ಎರಡು ಗಂಟೆಯಷ್ಟು ಹೊರಗಿನ ಬೆಳಕಿನಲ್ಲಿ ಆಡುವ ಮಕ್ಕಳಲ್ಲಿ ಸಮೀಪದೃಷ್ಟಿ ಆರಂಭವಾಗುವುದು ಕಡಿಮೆ ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಸಂಜೆ ಟ್ಯೂಷನ್, ರಾತ್ರಿ ಮೊಬೈಲು ಎಂದು ಮಗುವನ್ನು ಗೋಡೆಗಳ ನಡುವೆಯೇ ಕೂರಿಸದೆ ಮೈದಾನಕ್ಕೆ ಕಳಿಸಿ.

ಲೇಸರ್ ಶಸ್ತ್ರಚಿಕಿತ್ಸೆಯ ವಿಷಯದಲ್ಲೂ ಎಚ್ಚರ ಬೇಕು. 20 ವರ್ಷ ತುಂಬುವ ಮೊದಲು ಈ ಚಿಕಿತ್ಸೆ ಮಾಡಿಸಿಕೊಂಡವರನ್ನು ವಾಯುಪಡೆ ಒಪ್ಪುವುದಿಲ್ಲ. 20ರ ನಂತರ ಮಾಡಿಸಿಕೊಂಡಿದ್ದರೂ ಕನಿಷ್ಠ ಒಂದು ವರ್ಷ ಕಳೆದಿರಬೇಕು, ಪಾರದರ್ಶಕ ಪಟಲದ ದಪ್ಪ ಮುಂತಾದ ಹಲವು ಅಳತೆಗಳು ಸರಿಯಿರಬೇಕು. ಹಾಗಾಗಿ ಎನ್‌ಡಿಎ ಆಸೆಯಿಂದ 17 ವರ್ಷದ ಹುಡುಗನಿಗೆ ಅವಸರದಲ್ಲಿ ಲೇಸರ್ ಮಾಡಿಸುವುದು ಹಣವನ್ನೂ ಅವಕಾಶವನ್ನೂ ಕಳೆದುಕೊಂಡಂತೆ.

ಬಣ್ಣಗಳ ಗುರುತು ಪೂರ್ತಿ ಸರಿಯಿರಬೇಕು. ಕೆಂಪು, ಹಸಿರುಗಳ ನಡುವೆ ಗೊಂದಲವಾಗುವ ದೋಷ ತಾಯಿಯ ಮೂಲಕ ಗಂಡುಮಕ್ಕಳಿಗೆ ಬರುತ್ತದೆ. ತಾಯಿಗೆ ತೊಂದರೆಯಿರುವುದಿಲ್ಲ, ಸೋದರಮಾವನಿಗೋ ತಾಯಿಯ ತಂದೆಗೋ ಇರಬಹುದು. ಚನ್ನಪಟ್ಟಣದ ಅರಗಿನ ಬೊಂಬೆಗಳಂಥ ಢಾಳು ಬಣ್ಣಗಳನ್ನು ಮಗು ಸರಿಯಾಗಿ ಹೆಸರಿಸಿತೆಂದು ಸುಮ್ಮನಾಗಬೇಡಿ. ಚುಕ್ಕೆಗಳ ನಡುವೆ ಅಂಕಿ ಅಡಗಿಸಿಟ್ಟ ಇಶಿಹಾರ ಪುಸ್ತಕದಿಂದಲೇ ನಿಜ ತಿಳಿಯುವುದು. ಇದಕ್ಕೆ ಔಷಧಿಯಿಲ್ಲ, ಆದರೆ ಇದು ಕಾಯಿಲೆಯೂ ಅಲ್ಲ. ತಾಲ್ಲೂಕು ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ವಿಚಾರಿಸಿ. ಹೆಚ್ಚಿನ ಪರೀಕ್ಷೆ ಬೇಕಾದರೆ ಬೆಂಗಳೂರಿನ ಮಿಂಟೋ ಆಸ್ಪತ್ರೆ ದೂರವೇನಲ್ಲ.

ಎತ್ತರ ಮತ್ತು ಅಳತೆ

ಪೈಲಟ್ ಆಗಲು ಕನಿಷ್ಠ ಎತ್ತರ 162.5 ಸೆಂ.ಮೀ. ಇದರ ಜೊತೆಗೆ ಕಾಲಿನ ಉದ್ದ 99ರಿಂದ 120 ಸೆಂ.ಮೀ., ಕುಳಿತಾಗಿನ ಎತ್ತರ 81.5ರಿಂದ 96 ಸೆಂ.ಮೀ. ಒಳಗೆ ಇರಬೇಕು, ತೊಡೆಯ ಉದ್ದ 64 ಸೆಂ.ಮೀ. ಮೀರಬಾರದು. ವಿಮಾನದ ಆಸನ ಎಲ್ಲರಿಗೂ ಒಂದೇ. ಕಾಲು ಗಿಡ್ಡವಾದರೆ ಪೆಡಲು ಎಟುಕುವುದಿಲ್ಲ. ತೊಡೆ ಉದ್ದವಾದರೆ ಅಪಾಯದಲ್ಲಿ ಆಸನ ಸಮೇತ ಹೊರಗೆ ಚಿಮ್ಮುವಾಗ ಮಂಡಿ ಮುಂದಿನ ಹಲಗೆಗೆ ಬಡಿಯುತ್ತದೆ.

ಎತ್ತರ ಹೆಚ್ಚಿಸುತ್ತೇವೆಂದು ಜಾಹೀರಾತು ಕೊಡುವ ಪುಡಿ, ಮಾತ್ರೆಗಳಿಗೆ ದುಡ್ಡು ಹಾಕಬೇಡಿ. ಎತ್ತರ ಬಹುಪಾಲು ತಂದೆತಾಯಿಯಿಂದ ಬರುತ್ತದೆ. ಬೆಳೆಯುವ ವಯಸ್ಸಿನಲ್ಲಿ ಸರಿಯಾದ ಊಟ, ನಿದ್ದೆ, ಆಟ ಸಿಕ್ಕರೆ ಮಗು ತನ್ನ ಪಾಲಿನ ಎತ್ತರವನ್ನು ಪೂರ್ತಿ ಬೆಳೆಯುತ್ತದೆ. ಆ ಊಟ ನಮ್ಮ ಅಡುಗೆಮನೆಯಲ್ಲೇ ಇದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣದಂಶವಿದೆ. ಮುದ್ದೆಯ ಜೊತೆ ಹುರುಳಿಕಾಳಿನ ಸಾರು, ಸೊಪ್ಪಿನ ಪಲ್ಯ, ಒಂದು ಲೋಟ ಹಾಲು, ತಿನ್ನುವವರಿಗೆ ಮೊಟ್ಟೆ ಇದ್ದರೆ ಡಬ್ಬದ ಪುಡಿಯ ಅಗತ್ಯವಿಲ್ಲ. ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಸಾಮಾನ್ಯವಾದ್ದರಿಂದ ವರ್ಷಕ್ಕೊಮ್ಮೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಊಟದ ಜೊತೆ ನಿಂಬೆರಸ ಸೇರಿಸಿ. ಊಟವಾದ ಕೂಡಲೆ ಕಾಫಿ, ಟೀ ಬೇಡ.

ಕಿವಿ, ಮೂಗು, ಶ್ವಾಸಕೋಶ

ವಿಮಾನ ಏರಿ ಇಳಿಯುವಾಗ ಕಿವಿಯೊಳಗಿನ ಗಾಳಿಯ ಒತ್ತಡ ಸರಿಹೊಂದಬೇಕು. ಮೂಗು ಕಟ್ಟಿದ್ದರೆ ಅದು ಸಾಧ್ಯವಾಗದೆ ತಮಟೆ ಹರಿಯುವಷ್ಟು ನೋವಾಗಬಹುದು. ಮಗುವಿನ ಕಿವಿ ಸೋರುತ್ತಿದ್ದರೆ ‘ದೊಡ್ಡವನಾದ ಮೇಲೆ ಸರಿಹೋಗುತ್ತೆ’ ಎಂದು ಬಿಡಬೇಡಿ. ಕಿವಿಗೆ ಕಾಯಿಸಿದ ಎಣ್ಣೆ ಬಿಡುವುದು, ಹೇರ್‌ಪಿನ್ ಅಥವಾ ಬೆಂಕಿಕಡ್ಡಿಯಿಂದ ಕೆದಕುವುದು ಬೇಡವೇ ಬೇಡ.

ರಾಮನಗರ, ಕನಕಪುರಗಳ ಕಡೆ ರೇಷ್ಮೆ ನೂಲು ಬಿಚ್ಚಾಣಿಕೆ ಅನೇಕ ಮನೆಗಳ ಕಸುಬು. ಈ ಕೆಲಸ ಮಾಡುವವರಲ್ಲಿ ಕೆಲವರಿಗೆ ಗೂಡಿನ ಅಂಶಗಳಿಂದ ಉಬ್ಬಸ ಬರುವುದು ವೈದ್ಯರಿಗೆ ತಿಳಿದ ವಿಷಯ. ಮರ ಕಡೆಯುವ ಪಟ್ಟಡೆಯ ಧೂಳೂ ಅಷ್ಟೇ. ಮಕ್ಕಳು ಅಲ್ಲಿ ಹೆಚ್ಚು ಹೊತ್ತು ಇರದಂತೆ ನೋಡಿಕೊಳ್ಳಿ. ಓಡುವಾಗ ಎದೆಯಲ್ಲಿ ಸುಯ್‌ಗುಟ್ಟುವ ಶಬ್ದ ಬಂದರೆ ಚಿಕಿತ್ಸೆ ಕೊಡಿಸಿ. ಪೈಲಟ್ ಆಗಲಿ ಬಿಡಲಿ, ಮಗು ಸುಲಭವಾಗಿ ಉಸಿರಾಡಬೇಕಲ್ಲವೆ?

ಹಲ್ಲಿಗೂ ಲೆಕ್ಕವಿದೆ. ದವಡೆ ಹಲ್ಲಿಗೆ ಎರಡು, ಉಳಿದವಕ್ಕೆ ಒಂದು ಎಂಬ ಅಂಕದ ಕ್ರಮದಲ್ಲಿ ಕನಿಷ್ಠ 14 ಅಂಕ ಬರಬೇಕು. ಜಾತ್ರೆಯಲ್ಲಿ ಆಸೆಪಟ್ಟು ಎಲ್ಲೆಂದರಲ್ಲಿ ಹಾಕಿಸಿಕೊಂಡ ಹಚ್ಚೆಯೂ ಅಡ್ಡಿಯಾಗಬಹುದು. ಮುಂಗೈಯ ಒಳಭಾಗ, ಅಂಗೈಯ ಹಿಂಭಾಗ ಬಿಟ್ಟು ಬೇರೆಡೆ ಶಾಶ್ವತ ಹಚ್ಚೆ ಸಾಮಾನ್ಯವಾಗಿ ಒಪ್ಪಿಗೆಯಲ್ಲ.

‘ಅನರ್ಹ’ ಎಂದರೆ ಏನು?

ತಪಾಸಣೆಯಲ್ಲಿ ಬೀಳುವವರಲ್ಲಿ ಎರಡು ಬಗೆ. ಕಿವಿಯ ಗುಗ್ಗೆ, ವಾಲಿದ ಮೂಗಿನ ತಡಿಕೆ, ಊದಿದ ಟಾನ್ಸಿಲ್, ಮೂಲವ್ಯಾಧಿ, ವೃಷಣದ ನೀರು, ಹೆಚ್ಚು ಅಥವಾ ಕಡಿಮೆ ತೂಕ ಇವೆಲ್ಲ ಸರಿಪಡಿಸಬಹುದಾದವು. ಇವನ್ನು ಪರೀಕ್ಷೆಗೆ ಮೊದಲೇ ಸರಿಪಡಿಸಿಕೊಂಡು ಬನ್ನಿ ಎಂದು ಎನ್‌ಡಿಎ ಪ್ರಕಟಣೆಯಲ್ಲೇ ಹೇಳಿರುತ್ತಾರೆ. ಆದರೂ ಆ ಪುಟ ಓದದೆ ಹೋಗಿ ಬಿದ್ದುಬರುವವರಿದ್ದಾರೆ. ಮೊದಲ ಮಂಡಳಿಯ ತೀರ್ಮಾನ ಒಪ್ಪಿಗೆಯಾಗದಿದ್ದರೆ ಮೇಲ್ಮನವಿ ಸಲ್ಲಿಸಿ ಮತ್ತೆ ತಪಾಸಣೆ ಮಾಡಿಸಿಕೊಳ್ಳುವ ಅವಕಾಶವೂ ಇದೆ.

ಬಣ್ಣದ ಗುರುತು, ಕಾಲಿನ ಉದ್ದ, ಬೆನ್ನುಮೂಳೆಯ ಹುಟ್ಟುದೋಷ ಇಂಥವು ಸರಿಹೋಗದವು. ಇವುಗಳಿಂದ ಬಿದ್ದ ಮಗು ರೋಗಿಯಲ್ಲ, ಕೈಲಾಗದವನೂ ಅಲ್ಲ. ಆ ಆಸನಕ್ಕೆ ಆ ದೇಹ ಹೊಂದುವುದಿಲ್ಲ ಎಂದಷ್ಟೇ ಅರ್ಥ. ವಾಯುಪಡೆಯ ನೆಲದ ಮೇಲಿನ ಶಾಖೆಗಳಿಗೆ ದೃಷ್ಟಿಯ ನಿಯಮ ಸಡಿಲವಾಗಿದೆ. ನಾಗರಿಕ ವಿಮಾನಗಳ ಪೈಲಟ್‌ಗಳು ಕನ್ನಡಕ ಧರಿಸಬಹುದು. ವಿಮಾನ ಕಟ್ಟುವ ಎಂಜಿನಿಯರಿಗೆ ಕಾಲಿನ ಉದ್ದ ಯಾರೂ ಕೇಳುವುದಿಲ್ಲ.

ಮೂರ್ಛೆ, ಉಬ್ಬಸ, ಹಿಂದಿನ ಶಸ್ತ್ರಚಿಕಿತ್ಸೆಗಳನ್ನು ಮುಚ್ಚಿಡಲು ಮಕ್ಕಳಿಗೆ ಹೇಳಿಕೊಡುವ ಮನೆಯವರೂ ಇದ್ದಾರೆ. ಇದು ತಪ್ಪು. ನೆಲದ ಮೇಲೆ ಬಂದ ಮೂರ್ಛೆಯಿಂದ ಎದ್ದು ಕೂರಬಹುದು, ಆಕಾಶದಲ್ಲಿ ಬಂದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ತರಬೇತಿ ಹೇಗಿರುತ್ತದೆ?

ಎನ್‌ಡಿಎಯಲ್ಲಿ ಮೂರು ವರ್ಷ ಓದು ಮತ್ತು ಸೈನಿಕ ಶಿಕ್ಷಣ ಮುಗಿಸಿದವರು, ಹಾಗೂ ಆಫ್‌ಕ್ಯಾಟ್ ಮೂಲಕ ಬಂದವರು ಹೈದರಾಬಾದಿನ ಬಳಿಯ ದುಂಡಿಗಲ್ ವಾಯುಪಡೆ ಅಕಾಡೆಮಿಗೆ ಹೋಗುತ್ತಾರೆ. ಅಲ್ಲಿ ಪಿಲಾಟಸ್ ಎಂಬ ಸಣ್ಣ ವಿಮಾನದಲ್ಲಿ ಹಾರಾಟದ ಮೊದಲ ಪಾಠ. ನಂತರ ಅವರವರ ಯೋಗ್ಯತೆಗೆ ತಕ್ಕಂತೆ ಯುದ್ಧ ವಿಮಾನ, ಸಾಗಣೆ ವಿಮಾನ, ಹೆಲಿಕಾಪ್ಟರ್ ಎಂದು ಬೇರೆಯಾಗುತ್ತಾರೆ. ಯುದ್ಧ ವಿಮಾನಕ್ಕೆ ಆಯ್ಕೆಯಾದವರು ಹಾಕ್ ಎಂಬ ಜೆಟ್ ವಿಮಾನದಲ್ಲಿ ಪಳಗುವುದು ನಮ್ಮ ಬೀದರಿನಲ್ಲಿ. ಈ ತರಬೇತಿಗೆ ಶುಲ್ಕವಿಲ್ಲ. ಕೊನೆಯ ಒಂದು ವರ್ಷ ತಿಂಗಳಿಗೆ 56,100 ರೂಪಾಯಿ ಭತ್ಯೆಯೂ ಸಿಗುತ್ತದೆ. ಹಣವಿಲ್ಲದವರಿಗೆ ಈ ಕೆಲಸ ಸಿಗುವುದಿಲ್ಲ ಎಂಬ ಅಂಜಿಕೆ ಬೇಡ.

ಎನ್‌ಡಿಎಗೆ ಬರುವವರು 2.4 ಕಿ.ಮೀ.ಯನ್ನು 15 ನಿಮಿಷದಲ್ಲಿ ಓಡುವಂತೆ, 20 ದಂಡ, ಎಂಟು ಸಲ ಕಂಬಿಗೆ ಜೋತು ಮೇಲೇರುವಂತೆ ತಯಾರಾಗಿ ಬರಬೇಕೆಂದು ಸಲಹೆ ಕೊಡಲಾಗಿದೆ. ಒಂದೇ ತಿಂಗಳಲ್ಲಿ ಇದನ್ನು ಸಾಧಿಸಲು ಹೋಗಿ ಮಂಡಿ ನೋಯಿಸಿಕೊಳ್ಳಬಾರದು. ಒಂಬತ್ತನೆಯ ತರಗತಿಯಿಂದ ದಿನಕ್ಕೆ ಅರ್ಧ ಗಂಟೆ ಓಡಿದರೆ ತಾನಾಗಿ ಬರುತ್ತದೆ.

ತಂದೆತಾಯಂದಿರು ನೆನಪಿಡಬೇಕಾದವು

* ಎಂಟನೆಯ ತರಗತಿಯಲ್ಲಿ ದೃಷ್ಟಿ ಮತ್ತು ಬಣ್ಣದ ಪರೀಕ್ಷೆ ಮಾಡಿಸಿ; ದೃಷ್ಟಿ ಪರೀಕ್ಷೆಯನ್ನು ಪ್ರತಿ ವರ್ಷ ಮತ್ತೆ ಮಾಡಿಸಿ.

* ಎಸ್ಸೆಸ್ಸೆಲ್ಸಿ ನಂತರ ಎತ್ತರ, ಕಾಲಿನ ಉದ್ದ ಅಳೆದು ನೋಡಿ. ಅಳತೆ ಸ್ವಲ್ಪ ಕಡಿಮೆಯಿದ್ದರೆ ಇನ್ನೂ ಬೆಳೆಯುವ ವಯಸ್ಸೆಂಬುದು ನೆನಪಿರಲಿ.

* ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಇರುವ ಗುಂಪನ್ನೇ ಆರಿಸಿ.

* ತರಬೇತಿ ಕೇಂದ್ರಕ್ಕೆ ಹಣ ಕಟ್ಟುವ ಮೊದಲು ಕಣ್ಣು, ಕಿವಿ, ಹಲ್ಲುಗಳ ತಪಾಸಣೆ ಮುಗಿಸಿ.

* ನಿಯಮಗಳು ಆಗಾಗ ಬದಲಾಗುತ್ತವೆ. ಆಯಾ ವರ್ಷದ ಅಧಿಕೃತ ಪ್ರಕಟಣೆಯನ್ನು ಪೂರ್ತಿ ಓದಿ, ವೈದ್ಯಕೀಯ ಪುಟಗಳನ್ನು ನಿಮ್ಮ ವೈದ್ಯರಿಗೂ ತೋರಿಸಿ.

ಪರೀಕ್ಷೆಯಲ್ಲಿ ಎಲ್ಲವೂ ಸರಿಯಿದ್ದರೆ ಮಗು ನೆಮ್ಮದಿಯಿಂದ ಓದಿಗೆ ಕೂರಬಹುದು. ಸರಿಯಿಲ್ಲದಿದ್ದರೆ ಹದಿಮೂರನೆಯ ವಯಸ್ಸಿನಲ್ಲಿ ತಿಳಿದ ನಿರಾಸೆ ಕೆಲವು ದಿನಗಳಲ್ಲಿ ಮಾಸುತ್ತದೆ, ಬೇರೆ ದಾರಿ ಹುಡುಕಲು ಸಾಕಷ್ಟು ವರ್ಷಗಳೂ ಇರುತ್ತವೆ. ಇಪ್ಪತ್ತನೆಯ ವಯಸ್ಸಿನಲ್ಲಿ, ಸಾಲದ ಕಂತು ಬಾಕಿಯಿರುವಾಗ ತಿಳಿದರೆ ಹಾಗಾಗುವುದಿಲ್ಲ. ಮುಂದಿನ ಶಾಲಾ ರಜೆಯಲ್ಲಿ ಒಂದು ಬೆಳಗ್ಗೆ ಮಗುವನ್ನು ಕರೆದುಕೊಂಡು ಕಣ್ಣಿನ ವೈದ್ಯರ ಬಳಿ ಹೋಗಿಬನ್ನಿ.